ಇನ್ನೊಬ್ಬ ಜಾಮೀನುದಾರ ಬೇಕು

ಗುರುವಾರ, ಬೆಳಿಗ್ಗೆ

ಅಕ್ಕನಿಗೆ ತಂಗಿಯ ನಮಸ್ಕಾರ. ನಿನ್ನ ಮೇಲೆ ಸಿಟ್ಟಿದೆ, ಆದರೂ ನಮಸ್ಕಾರ.

ಫೋನ್ ಮಾಡಿದಾಗಲೆಲ್ಲ ಭಾವನವರೇ ಎತ್ತಿ, ನೀನು ಸ್ನಾನಕ್ಕೆ ಹೋಗಿದ್ದೀಯ ಅನ್ನುತ್ತಾರೆ. ದಿನಕ್ಕೆ ಇಷ್ಟು ಸಲ ಸ್ನಾನ ಮಾಡಿದರೆ ಮೈಮೇಲೆ ಚರ್ಮ ಉಳಿಯುತ್ತದೆಯೇ? ಅದಕ್ಕೇ ಇದನ್ನು ನಿನ್ನ ಆಸ್ಪತ್ರೆಯ ವಾಚ್‌ಮನ್ ಕೈಗೆ ಕೊಡುತ್ತಿದ್ದೇನೆ. ಡ್ಯೂಟಿ ಮುಗಿಸಿ ಮನೆಗೆ ಹೋಗುವ ಮೊದಲೇ ಓದು.

ಸುತ್ತಿಬಳಸಿ ಹೇಳುವುದಿಲ್ಲ. ಇವರಿಗೆ ಜಾಮೀನು ಸಿಕ್ಕಿದೆ, ಆದರೆ ಇವರಿನ್ನೂ ಜೈಲಿನಲ್ಲೇ ಇದ್ದಾರೆ. ಕುಸಿದ ಸೇತುವೆಯ ಬಗ್ಗೆ ಸಭೆಯಲ್ಲಿ ಎದ್ದು, ಸಿಮೆಂಟ್ ಯಾರು ಕೊಟ್ಟದ್ದು ಎಂದು ಕೇಳಿದ್ದೇ ತಪ್ಪಾಯಿತು. ಜನರಲ್ಲಿ ಭಯ ಹುಟ್ಟಿಸಿದರು ಅಂತ ಹೊಸ ಕಾಯ್ದೆಯಡಿ ಕೇಸು. ಆ ಕಾಯ್ದೆ ಬಂದ ದಿನ ಭಾವನವರು ಪಕ್ಷದ ಕಚೇರಿಯಿಂದ ನಮ್ಮನೆಗೂ ಸಿಹಿ ತಂದಿದ್ದರು. ನಾವೂ ತಿಂದೆವು. ಕಳ್ಳಕಾಕರಿಗೆ, ಪುಂಡರಿಗೆ ಅಂತ ತಾನೇ ತಿಳಿದದ್ದು. ಹೈಸ್ಕೂಲಿನ ಲೆಕ್ಕದ ಮೇಷ್ಟ್ರಿಗೂ ಅದು ಅನ್ವಯಿಸುತ್ತದೆ ಅಂತ ಯಾರು ಕನಸು ಕಂಡಿದ್ದರು?

ಸೋಮವಾರ ಕೋರ್ಟಿನ ಹೊರಗೆ ಪಕ್ಷದವರೂ ವರ್ತಕರ ಸಂಘದವರೂ ಸೇರಿ ಕೂಗುತ್ತಿದ್ದರು. ನ್ಯಾಯಾಧೀಶರು ಕೆಟ್ಟವರಲ್ಲ. ಇವರನ್ನು ಹಿಡಿದಿಡಲು ಆಧಾರವೇ ಇಲ್ಲ ಎಂದು ಬಾಯಿಬಿಟ್ಟು ಹೇಳಿದರು. ಅಷ್ಟರಲ್ಲಿ ಹೊರಗೆ ಗಲಾಟೆ ಜೋರಾಯಿತು. ಅವರು ಕಿಟಕಿಯ ಕಡೆ ನೋಡಿದರು, ಕನ್ನಡಕ ತೆಗೆದು ಒರೆಸಿದರು, ಆಮೇಲೆ ಒಂದೊಂದೇ ಷರತ್ತು ಸೇರಿಸುತ್ತ ಹೋದರು. ಇಬ್ಬರು ಜಾಮೀನುದಾರರು ಬೇಕು, ಇಬ್ಬರಿಗೂ ಇದೇ ಊರಲ್ಲಿ ಸ್ವಂತ ಮನೆ ಇರಬೇಕು, ಖುದ್ದಾಗಿ ಬಂದು ಎಲ್ಲರೆದುರು ಸಹಿ ಹಾಕಬೇಕು. ನಮ್ಮ ವಕೀಲರು ಹಣೆ ಚಚ್ಚಿಕೊಂಡು, ಇದನ್ನು ಕಾನೂನು ಹೇಳಲಿಲ್ಲ ತಾಯೀ, ಕಿಟಕಿ ಹೇಳಿತು ಅಂದರು.

ನಮ್ಮ ಬೀದಿಯ ಟೈಲರ್ ಮಾಮ ಮೊದಲ ಸಹಿ ಹಾಕಿದರು. ಪಕ್ಷದವರು ಕೋರ್ಟಿನ ಗೇಟಿನಲ್ಲೇ ಅವರ ಫೋಟೊ ತೆಗೆದು ಊರಿಗೆಲ್ಲ ಕಳಿಸಿದರು. ಮರುದಿನದಿಂದ ಅವರ ಅಂಗಡಿಗೆ ಒಂದು ನರಪಿಳ್ಳೆಯೂ ಕಾಲಿಟ್ಟಿಲ್ಲ. ಹೊಲಿಯಲು ಕೊಟ್ಟವರು ಕತ್ತರಿಸಿದ ಬಟ್ಟೆಯನ್ನೇ ವಾಪಸು ಒಯ್ದರು. ಎರಡನೆಯವರಾಗಿ ಬರುತ್ತೇನೆ ಎಂದಿದ್ದ ಹೆಡ್‌ಮಾಸ್ಟರಿಗೆ ಅದನ್ನು ನೋಡುತ್ತಲೇ ಬೆನ್ನುನೋವು ಶುರುವಾಗಿದೆ.

ನಾಳೆ ಸಂಜೆ ಕೋರ್ಟು ಮುಚ್ಚಿದರೆ, ರಜೆ ಮುಗಿದು ತೆರೆಯುವುದು ತಿಂಗಳ ಮೇಲೆ. ನಿನ್ನೆ ಹೋಗಿ ನೋಡಿದೆ. ಇವರ ಕೆಮ್ಮು ಎದೆಗಿಳಿದಿದೆ, ನಾಲ್ಕು ಮಾತಾಡಿದರೆ ಏದುಸಿರು. ಅಷ್ಟರಲ್ಲೂ ಕೈದಿಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದೇನೆ ಅಂತ ನನ್ನನ್ನು ನಗಿಸಲು ನೋಡಿದರು. ನಗು ಬರಲಿಲ್ಲ. ಇನ್ನೊಂದು ತಿಂಗಳು ಅಲ್ಲಿದ್ದರೆ ಇವರು ಉಳಿಯುವುದಿಲ್ಲ ಅಕ್ಕ.

ನೀವಿರುವ ಮನೆ ನಿನ್ನ ಹೆಸರಲ್ಲಿದೆ. ಭಾವನವರ ಒಪ್ಪಿಗೆ ಬೇಕಿಲ್ಲ, ವಕೀಲರನ್ನು ಕೇಳಿಯೇ ಬರೆಯುತ್ತಿದ್ದೇನೆ. ನಾಳೆ ಹನ್ನೊಂದಕ್ಕೆ ಮನೆಪತ್ರ ಹಿಡಿದು ಬಾ. ಆರೋಪಿ ನಿಮಗೆ ಏನಾಗಬೇಕು ಅಂತ ನ್ಯಾಯಾಧೀಶರು ಕೇಳುತ್ತಾರೆ. ತಂಗಿಯ ಗಂಡ ಅಂದರೆ ಸಾಕು. ನಿನ್ನ ಫೋಟೊವನ್ನೂ ತೆಗೆಯುತ್ತಾರೆ. ಆಸ್ಪತ್ರೆಯಲ್ಲಿ ಊಟಕ್ಕೆ ಯಾರೂ ಪಕ್ಕದಲ್ಲಿ ಕೂರುವುದಿಲ್ಲ, ಮನೆಯಲ್ಲಿ ಭಾವನವರು ಮುಖ ಊದಿಸಿಕೊಳ್ಳುತ್ತಾರೆ. ಏನೂ ಆಗುವುದಿಲ್ಲ ಅಂತ ಸುಳ್ಳು ಹೇಳಿ ಕರೆಯುವುದಿಲ್ಲ.

ದಾರಿ ಕಾಯುತ್ತಿರುವ,
ನಿನ್ನ ಬಾಯಿಬಡುಕಿ

ತಾ.ಕ.: ಇದನ್ನು ಮೇಲೆಯೇ ಬರೆದಿದ್ದರೆ ನೀನು ಅಲ್ಲಿಗೇ ಪತ್ರ ಮಡಚಿಬಿಡುತ್ತಿದ್ದೆ. ಸರ್ಕಾರದ ಕಡೆಯ ಮೊದಲ ಸಾಕ್ಷಿ ಭಾವನವರು. ಇವರು ಸಭೆಯಲ್ಲಿ ಜನರನ್ನು ಎತ್ತಿಕಟ್ಟಿದ್ದನ್ನು ಕಣ್ಣಾರೆ ಕಂಡೆ ಎಂದಿದ್ದಾರೆ. ಆ ಸಂಜೆ ಇವರು ಸಭೆಗೆ ಹೋಗಿದ್ದಾಗ ನೀವಿಬ್ಬರೂ ನಮ್ಮನೆಯಲ್ಲಿದ್ದಿರಿ. ಭಾವನವರು ಅಡುಗೆಮನೆಯ ನಲ್ಲಿ ರಿಪೇರಿ ಮಾಡುತ್ತಿದ್ದರು, ನೀನು ಟಾರ್ಚ್ ಹಿಡಿದಿದ್ದೆ. ಅದನ್ನು ಕೋರ್ಟಿನಲ್ಲಿ ಹೇಳು ಅಂತ ನಾನು ಕೇಳುವುದಿಲ್ಲ ಅಕ್ಕ. ಸಹಿ ಒಂದು ಹಾಕು.