ಅರವಟ್ಟಿಗೆಯ ಫೋಟೋದಲ್ಲಿ ನಮ್ಮಜ್ಜಿ

ಚೆನ್ನೈ, ಭಾನುವಾರ

ಹನೂರಿನ ಅಕ್ಕನಿಗೆ,

ಫೋನಿನಲ್ಲಾದರೆ ನನ್ನ ಬಾಯಲ್ಲಿ ಬರೀ ಬೈಗುಳ ಬರುತ್ತದೆಂದು ಕಾರ್ಡು ಬರೆಯುತ್ತಿದ್ದೇನೆ. ಇಲ್ಲೊಂದು ಪ್ರದರ್ಶನದಲ್ಲಿ ನಮ್ಮೂರು ಮದರಾಸಿಗೆ ಸೇರಿದ್ದ ಕಾಲದ ಫೋಟೋ ನೋಡಿದೆ. ಬೆಟ್ಟಕ್ಕೆ ನಡೆದುಹೋಗುವವರಿಗೆ ನಮ್ಮಜ್ಜಿ ಮಜ್ಜಿಗೆ ಹೊಯ್ಯುತ್ತಿದ್ದಾಳೆ. ಕೆಳಗೆ ಬರೆದಿರುವುದು, ‘ಜಮೀನ್ದಾರರ ಅರವಟ್ಟಿಗೆ, ಮನೆಯಾಳು’. ಆ ಮಹಾನುಭಾವ ಯಾರಿಗೂ ಒಂದು ಲೋಟ ನೀರು ಕೊಟ್ಟವನಲ್ಲ. ಮಜ್ಜಿಗೆ ಅಜ್ಜಿಯ ಎರಡು ಎಮ್ಮೆಗಳದ್ದು.

“ಆಳಲ್ಲ ಕಣ್ರಿ, ನಮ್ಮಜ್ಜಿ” ಅಂದೆ.

“ಸಾಕ್ಷಿ ತಕಂಡ್ ಬನ್ನಿ ಸಾ, ಬದ್ಲಾಯಿಸ್ತೀವಿ” ಅಂದ ತಾಳವಾಡಿ ಕಡೆಯ ಮೇಲ್ವಿಚಾರಕ, ಹಲ್ಲು ಕಿರಿದು.

ಅಜ್ಜಿಯ ಕೈಲಿರುವುದು ನಿನ್ನ ಮನೆಯ ಹಿತ್ತಾಳೆ ಚೊಂಬೇ. ಅದೇ ನೆಗ್ಗು ಕಾಣುತ್ತದೆ, ಅದರ ಮೇಲಿನ ಅಜ್ಜಿಯ ಹೆಸರು ಮಾತ್ರ ಮಸುಕು. ನಿನ್ನ ಮಗ ಪರಮೇಶನ ಕೈಲಿ ಚೊಂಬು ಕಳಿಸು. ನನ್ನ ಮಂಡಿನೋವು ಕಡಿಮೆ. ಬಿಪಿ ಇವತ್ತು ನೋಡಿಸಲಿಲ್ಲ. ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡ, ಕಂಠದ ಮೇಲೆ ಹೊಡೆಸಿದ ‘ಪುಟ್ಟನಂಜಮ್ಮ’ ಸವೆದೀತು.

ನಿನ್ನ ತಮ್ಮ,
ಚಿಕ್ಕಲಿಂಗಯ್ಯ