ಎರೆಮಣ್ಣಿನಲ್ಲಿ ಅಂಜೂರ

ಆಗಸ್ಟ್ ೨೧, ಗುರುವಾರ. ಮಟಮಾರಿ.

ಜೂನಿನಲ್ಲಿ ಮೊದಲ ಸಲ ನೆಟ್ಟ ಅಂಜೂರದ ಗಿಡಗಳಲ್ಲಿ ಒಂಬತ್ತನ್ನು ಇವತ್ತು ಕಿತ್ತು ಎಸೆದೆ. ಸಾಯಿಸಿದ್ದು ನಾನೇ ಎಂಬುದು ಮನಸ್ಸಿನಿಂದ ಹೋಗುತ್ತಿಲ್ಲ. ಎಲೆ ಹಳದಿಯಾದಾಗಲೆಲ್ಲ ಬಾಯಾರಿದೆ ಅಂದುಕೊಂಡು, ಈ ಸೆಕೆಗೆ ಹೆದರಿ, ಮಳೆ ಬಂದ ಮರುದಿನವೂ ಕೊಡ ಹೊತ್ತೆ.

ಅತ್ತೆ ಬೂದೆಮ್ಮ ಒಂದು ಗಿಡದ ಬೇರು ಮೂಸಿದರು. "ಕೊಳತಾವ ಬೇ. ಎರಿಮಣ್ಣು ನೀರು ಬಿಡಂಗಿಲ್ಲ, ನೀ ಮ್ಯಾಲ ಮ್ಯಾಲ ಹಾಕೀದಿ."

ಅಷ್ಟರಲ್ಲಿ ಮೈದುನ ನಾಗೇಶ ಬಂದ. ಅಂಜೂರ ನೆಟ್ಟ ಈ ತುಂಡು ಹೊಲದಲ್ಲಿ ಹತ್ತಿಯನ್ನೇ ಬೆಳೆಯಬೇಕೆಂದು ಜಗಳವಾಡಿದವನು. ಅತ್ತೆಯೇ ಅದನ್ನು ನನಗೆ ಬಿಡಿಸಿಕೊಟ್ಟಿದ್ದರು. "ಮಳಿ ಜಾಸ್ತಿ ಆತಪ್ಪ, ಅದಕ್ಕ ಹೋದ್ವು," ಎಂದರು ಅವನಿಗೆ. ನನ್ನ ಮುಖ ನೋಡಲಿಲ್ಲ.

ಸುಮ್ಮನಿರಬಹುದಿತ್ತು. "ಮಳಿ ಅಲ್ಲ ನಾಗೇಶ, ನಾನೇ ನೀರು ಹೆಚ್ಚು ಹಾಕೀನಿ," ಅಂದುಬಿಟ್ಟೆ. ಹೊಲ ಕೈತಪ್ಪಿತು ಅಂತಲೇ ಅಂದುಕೊಂಡೆ. ಅವನು ಉಳಿದ ಹನ್ನೊಂದು ಗಿಡಗಳನ್ನು ಒಂದೊಂದಾಗಿ ನೋಡಿ, ಹೋಗಿ ಸಲಿಕೆ ತಂದ. "ಇವಕ್ಕರ ನೀರು ಬಸಿದು ಹೋಗಂಗ ಕಾಲುವಿ ಹೊಡಿಯೂಣು, ಅತ್ತಿಗಿ." ಸಂಜೆಯವರೆಗೆ ಇಬ್ಬರೂ ಅಗೆದೆವು.

ಅತ್ತೆಗೆ ಮಾತ್ರ ಸಿಟ್ಟು. "ನಿನ್ನ ಸಲುವಾಗಿ ಈ ವಯಸ್ಸಿನಾಗ ಸುಳ್ಳು ಹೇಳಿದ್ನಿ, ಅದನ್ನೂ ಕೆಡಿಸಿದಿ," ಎಂದು ಊಟಕ್ಕೆ ಕೂತಾಗ ಬೈದರು. ಆ ಸುಳ್ಳು ಕೇಳಿದ ಮೇಲೇ ನನಗೆ ನಿಜ ಹೇಳುವ ಧೈರ್ಯ ಬಂತು ಎಂದು ಅವರಿಗೆ ಹೇಗೆ ತಿಳಿಸಲಿ? ಅಂಗೈಯಲ್ಲಿ ಗುಳ್ಳೆ ಎದ್ದಿದೆ, ಪೆನ್ನು ಹಿಡಿಯುವುದೇ ಕಷ್ಟವಾಗಿದೆ.