ಹುಣಸೆಹಣ್ಣಿಗೆ ಹೊಳೆದ ಕಲ್ಲು

ತೆಂಕಾಶಿ
ಐಪ್ಪಸಿ ತಿಂಗಳ ಹದಿನೆಂಟು, ಬುಧವಾರ

ಮಗಳೇ ತಿಲಗಾ,

ಹೇಗಿದ್ದೀಯ? ಹುಟ್ಟಿದೂರಿನ ನೀರು ಒಗ್ಗದೆ ಇರುತ್ತದೆಯೇ, ಆದರೂ ಕೇಳುತ್ತೇನೆ. ಮಳೆ ಶುರುವಾದರೆ ನಿನಗೆ ಕೆಮ್ಮು ಹಿಡಿಯುತ್ತದೆ. ಕರಿಮೆಣಸು ಜಜ್ಜಿ ಹಾಲಿಗೆ ಹಾಕಿ ಕುಡಿ, ಮುಖ ಸಿಂಡರಿಸಬೇಡ. ಕುಂಭಕೋಣದಲ್ಲಿ ನಿಮ್ಮಪ್ಪನ ಹಿತ್ತಾಳೆ ಪಾತ್ರೆ ಅಂಗಡಿಗೆ ಈಗ ದೀಪಾವಳಿ ವ್ಯಾಪಾರ ಜೋರಿರಬೇಕು. ನನಗೆ ಮಂಡಿ ನೋವು ಬಿಟ್ಟರೆ ಬೇರೇನಿಲ್ಲ. ನಿನ್ನ ಗಂಡ ಇಸಕ್ಕಿಮುತ್ತು ಎರಡು ಹೊತ್ತು ಉಣ್ಣುತ್ತಾನೆ, ನೀನು ಹೋದಾಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಉಪ್ಪು ಬೇಕಾದರೂ ಗೋಡೆಗೆ ಹೇಳುತ್ತಾನೆ. ಹೆತ್ತ ಮಗ, ಬೈಯಲೂ ಆಗುತ್ತಿಲ್ಲ.

ನಮ್ಮ ಅಂಗಡಿಯ ಪರೋಟ ಕಲ್ಲಿನ ಸಮಾಚಾರ ಹೇಳುತ್ತೇನೆ. ಉಕ್ಕಿನ ಹಲಗೆಗೆ ಕಲ್ಲು ಅಂತೀರಲ್ಲ ಅತ್ತೆ, ಎಂದು ಬಂದ ಹೊಸದರಲ್ಲಿ ನೀನು ನಕ್ಕಿದ್ದೆ. ನಿನ್ನ ಮಾವ ಬದುಕಿರುವ ತನಕ, ಹದಿನೇಳು ವರ್ಷ, ಅದರ ಮೇಲೆ ಪರೋಟ ಬೇಯಿಸಿ ಕಾಡಿಗೆಯ ಹಾಗೆ ಕರಿ ಮಾಡಿದ್ದರು. ಆ ಕರಿ ಕೊಳೆಯಲ್ಲ, ಎಣ್ಣೆ ಕುಡಿದು ಕುಡಿದು ಬಂದ ಮೈ. ಅದಿದ್ದರೇ ಹಿಟ್ಟು ಅಂಟದೆ ಏಳುವುದು. ನಿಮ್ಮ ಹಿತ್ತಾಳೆಗೆ ಹೊಳಪೇ ಮರ್ಯಾದೆ. ನಮ್ಮ ಕಲ್ಲಿಗೆ ಹೊಳಪು ಬಂದರೆ ದಿವಾಳಿ. ಆಯುಧಪೂಜೆಯ ಬೆಳಿಗ್ಗೆ ನೀನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಅದನ್ನು ಬೆಳ್ಳಿ ತಟ್ಟೆ ಮಾಡಿ, ಗಂಧ ಕುಂಕುಮವಿಟ್ಟು, ಹೂ ಮುಡಿಸಿ, ನಗುತ್ತಾ ನಿಂತಿದ್ದೆ. ನಾನು ಏನಂದೆ ಎಂದು ಮತ್ತೆ ಬರೆಯಲೇ? "ನನ್ನ ಗಂಡನ್ನ ಇನ್ನೊಂದ್ ಸಲ ಸುಡುಗಾಡಿಗೆ ಕಳಿಸಿದ್ಯಲ್ಲೇ" ಅಂದೆ. ಪೂಜೆಗೆ ಬಂದ ಗಿರಾಕಿಗಳೆಲ್ಲ ಇದ್ದರು. ಸಂಜೆಯ ಬಸ್ಸಿಗೆ ನೀನು ತವರಿಗೆ ಹೊರಟೆ. ನಾನು ತಡೆಯಲಿಲ್ಲ.

ಮರುದಿನ ಹಾಕಿದ ಮೊದಲ ಪರೋಟ ಚಿಂದಿಯಾಯಿತು. ಲಾರಿ ಪರಮಶಿವಂನ ಬಾಯಿ ಸುಮ್ಮನಿರುತ್ತದೆಯೇ, "ಏನ್ ಶೆಣ್ಬಗಕ್ಕಾ, ಇನ್ಮೇಲೆ ಪರೋಟಾನ ಚಮಚದಲ್ಲಿ ತಿನ್ನೋದಾ?" ಎಂದ. ಒಂದು ವಾರ ಅಂಗಡಿ ಮುಚ್ಚಿ ಕಲ್ಲನ್ನು ಪಳಗಿಸಿದೆವು. ನೀಲಿ ಬರುವಷ್ಟು ಕಾಯಿಸುವುದು, ಬಟ್ಟೆಯಲ್ಲಿ ಎಳ್ಳೆಣ್ಣೆ ಸವರಿ, ಸವರಿದ್ದನ್ನೂ ಒರೆಸಿಬಿಡುವುದು, ಹೊಗೆಯಾಡಿ ಆರಿದ ಮೇಲೆ ಮತ್ತೆ ಅದೇ. ಒಂದು ದಿನ ನಾನು ಆತುರಕ್ಕೆ ಎಣ್ಣೆ ಧಾರಾಳವಾಗಿ ಸುರಿದೆ. ಹಲಸಿನ ಮೇಣದಂತೆ ಅಂಟಿಕೊಂಡು, ಎಲ್ಲ ಕೆರೆದು ಮೊದಲಿಂದ ಶುರು ಮಾಡಬೇಕಾಯಿತು. ಮಗನೇ ಕೂತು ಕೆರೆದ. ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು. ಈಗ ಅಂಗಡಿ ಮುಚ್ಚುವ ಮೊದಲು, ಬಿಸಿ ಇರುವಾಗಲೇ ಕೆರೆದು, ಅರ್ಧ ಈರುಳ್ಳಿಯಿಂದ ಉಜ್ಜಿ, ತೆಳ್ಳಗೆ ಎಣ್ಣೆ ಸವರಿಡುತ್ತೇನೆ. ಆರಿದ ಮೇಲೆ ಗೋಣಿ ಹೊದಿಸುತ್ತೇನೆ. ಸೋಪು, ಹುಳಿ ಹತ್ತಿರ ಸುಳಿಯುವಂತಿಲ್ಲ. ಬಣ್ಣ ಸದ್ಯಕ್ಕೆ ಜೇನಿನಂತಿದೆ, ಕರಿಯಾಗಲು ಇನ್ನೂ ವರ್ಷ ಬೇಕು. ಪರೋಟ ಏಳುತ್ತಿದೆ, ಅಂಚು ಮಾತ್ರ ಕೆಲವೊಮ್ಮೆ ಹಿಡಿಯುತ್ತದೆ.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಮ್ಮ ದೇವಿ ಇಸಕ್ಕಿಯಮ್ಮ ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ಶೆಣ್ಬಗವಲ್ಲಿ

ತಾ.ಕ.: ಮರೆತಿದ್ದೆ ಎಂದು ಬರೆಯಬಹುದಿತ್ತು, ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಅಂದು ಬೆಳಿಗ್ಗೆ ನೀನು "ಅತ್ತೆ, ಕಲ್ಲಿಗೂ ಹುಣಸೆಹಣ್ಣು ಹಾಕ್ಲಾ?" ಎಂದು ಕೇಳಿದ್ದೆ. ನಾನು ಮಾವಿನೆಲೆ ಕಟ್ಟುತ್ತಾ, ತಿರುಗಿ ಕೂಡ ನೋಡದೆ, "ಹ್ಞೂ, ಎಲ್ಲದಕ್ಕೂ ಹಾಕು" ಅಂದಿದ್ದೆ. ನಿನ್ನನ್ನು ಬೈಯುತ್ತಿರುವಾಗಲೇ ನನಗೆ ಅದು ನೆನಪಾಯಿತು. ನೀನು ಹೇಳಲು ಬಾಯಿ ತೆರೆದೆ, ನನ್ನ ಮುಖ ನೋಡಿ ಮುಚ್ಚಿದೆ. ಆದರೂ ನಾನು ಬೈಗುಳ ನಿಲ್ಲಿಸಲಿಲ್ಲ. ನಿನ್ನೆ ಅಂಗಡಿ ತುಂಬ ಜನರಿರುವಾಗ ಮಗನಿಗೆ ಎಲ್ಲ ಹೇಳಿದೆ. ಅವನು ಸಟ್ಟುಗ ಕೆಳಗಿಟ್ಟು, ಇಷ್ಟು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡಿ, "ಅದನ್ನ ಅವಳಿಗೆ ಬರಿಯಮ್ಮಾ" ಅಂದ. ಹೋದ ವಾರ ನಿಮ್ಮಪ್ಪ ಕಾಗದ ಬರೆದು, ಮಗಳ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳಿದ್ದಾರೆ. ಅಂದರೆ ಹಾಕು ಅಂದವಳು ನಾನೇ ಎಂದು ನೀನು ಅಲ್ಲೂ ಹೇಳಿಲ್ಲ. ಬರುವುದು ಬಿಡುವುದು ನಿನ್ನಿಷ್ಟ. ಈ ಕಾಗದವನ್ನು ಮಾತ್ರ ಅವರಿಗೆ ಓದಿ ಹೇಳು, ಗಟ್ಟಿಯಾಗಿ.